ಗಡ್ಡದವನ ಬೆಳ್ಳಿ

ಸಿದ್ದಾಪುರದ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ
ನನಗೆ ಊರೆಂದರೆ ತೂತುಗಳು.
ಹಲಗೆಯ ಮೇಲೆ ಎಪ್ಪತ್ತು ತೂತು, ಎಪ್ಪತ್ತು ಮನೆ:
ಮೂರು ಡಾಕ್ಟರು, ಒಂಬತ್ತು ಕರಿಮೆಣಸಿನ ಮಂಡಿ,
ಇಪ್ಪತ್ತೆರಡು ಇಗರ್ಜಿ, ಪಾದ್ರಿಗಳು ಎತ್ತುವುದು ನಿಧಾನ,
ಹದಿನಾಲ್ಕು ಹೊಳೆಯಾಚೆ ತೋಟದ ಬೋಪಯ್ಯ.

ಮುಖ ಗೊತ್ತಿಲ್ಲ ಯಾರದೂ.
ಸಂತೆಯಲ್ಲಿ ಹಿಂದಿನಿಂದ ಯಾರೋ ಕೆಮ್ಮಿದರೆ
ಓ, ನಲವತ್ತೊಂದು, ಎಂದುಕೊಂಡು
ತಿರುಗಿ ನೋಡದೆ ಬದನೆಕಾಯಿ ಆರಿಸುತ್ತಿದ್ದೆ.

ಮೊದಲು ಇಲ್ಲಿ ಸುದ್ದಿ ಹೇಳುತ್ತಿದ್ದುದು ಕೋವಿ.
ಒಂದು ಗುಂಡು: ಗಂಡು ಹುಟ್ಟಿತು.
ಎರಡು ಗುಂಡು: ಯಾರೋ ಹೋದರು.
ಯಾರು ಎಂದು ಕೇಳಲು ನನಗೇ ಫೋನು ಬರುತ್ತಿತ್ತು.
ಹೆಣ್ಣು ಹುಟ್ಟಿದರೆ ಮಾತ್ರ ಬರೀ ತಂತಿಯಲ್ಲಿ,
ಮೆಲ್ಲಗೆ, ಮೂರು ನಿಮಿಷದೊಳಗೆ.

ಕಕ್ಕಡದಲ್ಲಿ ಹದಿನಾಲ್ಕರ ತೂತು ಸಾಯುವುದು.
ಆನೆ ಬೆನ್ನುಜ್ಜಿದ ಕಂಬ, ಸಿಲ್ವರ್ ಮರ ಮಲಗಿದ ತಂತಿ.
ಆಗ ಹೊರಡುವವನು ಎರವರ ಚೋಮ,
ದಿನಗೂಲಿ, ಮಸ್ಟರ್ ರೋಲಿನಲ್ಲಿ ಹೆಬ್ಬೆಟ್ಟು,
ಹೆಗಲಿಗೆ ಪರೀಕ್ಷೆಯ ಫೋನು, ಜಿಗಣೆಗೆ ಹೊಗೆಸೊಪ್ಪು.
ಕಂಬದ ತುದಿಯಿಂದ ಕೂಗುವನು:
"ಅಕ್ಕಾ, ಕೇಳ್ತದಾ?"
ಮಳೆ ಕೇಳುತ್ತಿತ್ತು. ಮಳೆಯ ಹಿಂದೆ ಅವನು.
"ಕೇಳ್ತದೆ ಚೋಮ, ಇಳಿ."
ಅಷ್ಟು ವರ್ಷ ನಾವಿಬ್ಬರೂ ಆಡಿದ ಮಾತು ಇಷ್ಟೇ.

ಹಲಗೆ ಕಳಚಿ ಲಾರಿಗೆ ಹಾಕಿದ ದಿನ
ಒಬ್ಬ ಗಿಡ್ಡ ಮನುಷ್ಯ ಕೊಡೆ ಮಡಚುತ್ತ ಒಳಬಂದ.
ಬಾಯಿ ತೆರೆದ ಮೇಲೇ ಗೊತ್ತಾಯಿತು, ಹದಿನಾಲ್ಕು.
ಇಷ್ಟು ಗಿಡ್ಡ ಅಂದುಕೊಂಡಿರಲಿಲ್ಲ; ಧ್ವನಿ ಆರಡಿ ಇತ್ತು.
ನೀಲಿ ಮಖಮಲ್ಲಿನ ಡಬ್ಬಿ ಮುಂದಿಟ್ಟ.
ಬೆಳ್ಳಿ ನಾಣ್ಯ, ಯಾವುದೋ ದೂರದೇಶದ ಟಂಕಸಾಲೆಯದು,
ಟೆಲಿಫೋನು ಕಂಡುಹಿಡಿದವನ ನೆನಪಿಗೆ.
ಒಂದು ಕಡೆ ಗಡ್ಡದವನು, ಇನ್ನೊಂದು ಕಡೆ
ಮುರಿದ ಬೀಸುಕಲ್ಲಿನಂಥದು ಏನೋ.
ಅದೇ ಮೊದಲ ಫೋನಂತೆ.
"ಇವಳಿಗೆ ರಕ್ತ ಬೇಕಾಗಿದ್ದ ಆ ರಾತ್ರಿ
ನೀವು ಮೈಸೂರು ಹಿಡಿದುಕೊಟ್ಟಿರಿ," ಎಂದ.
ಅಷ್ಟು ಹೇಳಿ ಕೊಡೆ ಬಿಡಿಸಿದ, ಒಳಗೇ.

ಆ ರಾತ್ರಿ ನೆನಪಿದೆ. ಹಿಡಿದದ್ದು ನಾನಲ್ಲ.
ಏಳನೇ ಮೈಲಿನ ಕಂಬದಲ್ಲಿ
ತುಂಡಾದ ತಂತಿಯ ಎರಡು ತುದಿ ಸೇರಿಸಿ
ಬರಿಗೈಯಲ್ಲಿ ಒತ್ತಿ ನಿಂತಿದ್ದವನು ಚೋಮ,
ಅವರ ಮಾತು ಮುಗಿಯುವವರೆಗೆ.
ಗಂಟೆ ಹೊಡೆದಾಗಲೆಲ್ಲ
ಮೊಣಕೈವರೆಗೆ ಜುಂ ಎಂದಿತಂತೆ.

ಮೊಯ್ದುವಿನ ಚಾ ಅಂಗಡಿಯ ಬೆಂಚಿನಲ್ಲಿದ್ದ.
ನಾಣ್ಯ ಕೊಟ್ಟೆ. ತಿರುಗಿಸಿ ನೋಡಿದ.
"ಇವನು ಕಂಬ ಹತ್ತಿದವನಾ?"
"ಅಲ್ಲ ಚೋಮ, ಕಂಡುಹಿಡಿದವನು."
ಸ್ವಲ್ಪ ಹೊತ್ತು ಚಾ ಆರಿಸಿದ.
"ಕಂಡದ್ದು ಇವನೇ ಇರಬಹುದು," ಎಂದ.

ಅಂಗಡಿ ಗೋಡೆಗೆ ಹೊಸ ಕೆಂಪು ಡಬ್ಬಿ, ರೂಪಾಯಿ ನುಂಗುವಂಥದು.
ತಮಾಷೆಗೆ ಗಡ್ಡದವನನ್ನು ಸಂದಿಗೆ ಒತ್ತಿದೆ.
ಹಿಡಿಯಲಿಲ್ಲ.
ತಾನೇ ಕಟ್ಟಿದ ಮನೆ, ಬಾಗಿಲಲ್ಲಿ ತಲೆ ತಾಗಿತು.
ಮೊಯ್ದು ನಕ್ಕು ನಕ್ಕು ಹಾಲು ಉಕ್ಕಿಸಿದ.

ಚೋಮ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ
ಸುಣ್ಣ ಮೆತ್ತಿದ ಒಂದು ರೂಪಾಯಿ ಕೊಟ್ಟ.
ಇಪ್ಪತ್ತಾರು ವರ್ಷ ಊರಿಗೆಲ್ಲ ಜೋಡಿಸಿದೆ,
ನನಗಾಗಿ ಒಂದೂ ಇಲ್ಲ. ಯಾರಿಗೆ ಮಾಡಲಿ?
ಬೆರಳು ತಾನಾಗಿ ಹೋದದ್ದು ಹದಿನಾಲ್ಕಕ್ಕೆ,
ಮುಂದೆ ಈಗ ಮೂರು ಅಂಕಿ ಹೊಸದು.
ಗಂಟೆ ಹೊಡೆಯಿತು, ಹೊಡೆಯಿತು, ಯಾರೂ ಎತ್ತಲಿಲ್ಲ.
ಅವರಿನ್ನೂ ಹೊಳೆ ದಾಟಿರಲಿಲ್ಲ.
ಫೋನು ಚೋಮನ ಕಿವಿಗಿಟ್ಟೆ. ನೆಲದ ಮೇಲೆ ನಿಂತಿದ್ದ,
ಆದರೂ ಒಂದು ಕೈ ಗೋಡೆಯನ್ನು ತಬ್ಬಿತ್ತು.
"ಕೇಳ್ತದಾ?" ಎಂದೆ.
ತಲೆಯಾಡಿಸಿದ.

ರೂಪಾಯಿ ಠಣ್ಣನೆ ವಾಪಸು ಬಿತ್ತು.
ಒರೆಸಿ ಚೀಲಕ್ಕೆ ಹಾಕಿಕೊಂಡ.
ಬೆಳ್ಳಿಯನ್ನೂ ಅವನ ಮುಂದೆ ಹಿಡಿದೆ.
"ಇದು ನಡೀತದಾ ಅಂಗಡಿಯಲ್ಲಿ?"
"ಇಲ್ಲ."
"ಹಾಗಾದ್ರೆ ನೀವೇ ಇಟ್ಟುಕೊಳ್ಳಿ ಅಕ್ಕ."

ಇಟ್ಟುಕೊಂಡಿದ್ದೇನೆ. ಪ್ರತಿ ಮಳೆಗಾಲ ಕಪ್ಪಾಗುತ್ತದೆ.
ಒಲೆಯ ಬೂದಿ ಹಾಕಿ ಹೆಬ್ಬೆಟ್ಟಿನಿಂದ ಉಜ್ಜುತ್ತೇನೆ.
ಗಡ್ಡದ ಸಂದಿಯಲ್ಲಿ ಕಪ್ಪು ಹೋಗುವುದೇ ಇಲ್ಲ.
ಕಿವಿ ಮಾತ್ರ ಬೇಗ ಬೆಳ್ಳಗಾಗುತ್ತದೆ.